ಸಾರ್ವೆಯಿಂದ ಬಿದ್ದರೆ ರಿಯಾಯ್ತಿ, ಗಂಡ ಹೊಡೆದು ಕೆಡವಿದರೆ ಇಲ್ಲ

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಯಲ್ಲಿ 14ನೇ ಕಲಂ ಅಂತ ಒಂದಿತ್ತು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡದೆ ಇದ್ದರೆ ಫಲಾನುಭವಿ ಅನ್ನೋ ಪಟ್ಟ ಹೋಗುತ್ತೆ ಅಂತ ಅದು ಹೇಳ್ತಿತ್ತು. ಅದರ ಕೆಳಗೇ ಒಂದು ಪರಂತುಕ ಇತ್ತು: ಕೆಲಸದ ವೇಳೆ ಅಪಘಾತ ಆಗಿ ಗಾಯಗೊಂಡು ಕೂತಿದ್ದರೆ ಆ ದಿನಗಳನ್ನ 90ರ ಲೆಕ್ಕಕ್ಕೆ ಹಿಡಿಯಬಾರದು. ಒಳ್ಳೇ ಪರಂತುಕ. ಸಾರ್ವೆಯಿಂದ ಬಿದ್ದು ಕಾಲು ಮುರ್ಕೊಂಡೋನ ಕಾರ್ಡನ್ನೂ ಕಿತ್ಕೊಂಡರೆ ಅನ್ಯಾಯ ಅಂತ ಅದನ್ನ ಬರೆದೋರಿಗೆ ಗೊತ್ತಿತ್ತು.

ಅದೇ ಸೈಟಲ್ಲಿ ಅವನ ಪಕ್ಕ ಬಾಂಡ್ಲಿ ಹೊರೋ ಹೆಂಗಸಿನ ಕೈಯನ್ನ ರಾತ್ರಿ ಮನೇಲಿ ಗಂಡ ಮುರಿದರೆ? ಅದಕ್ಕೆ ಪರಂತುಕ ಇಲ್ಲ. ಮೂಳೆ ಅದೇ, ಬ್ಯಾಂಡೇಜು ಅದೇ, ಕೆಲಸ ತಪ್ಪಿದ ದಿನಗಳೂ ಅಷ್ಟೇ. ಆದ್ರೆ ಅವಳದ್ದು ಗೈರುಹಾಜರಿ. 2020ರ ಸಾಮಾಜಿಕ ಭದ್ರತಾ ಸಂಹಿತೆ ಬರೆಯುವಾಗಲೂ ಆ 90 ದಿನವನ್ನ ಹಾಗೇ ಎತ್ತಿಟ್ಟುಕೊಂಡರು. 24 ವರ್ಷದಲ್ಲಿ ಯಾರಿಗೂ ಈ ಹೆಂಗಸು ನೆನಪಾಗಲಿಲ್ಲ.

ನನಗೆ ಗೊತ್ತಿರೋ ಒಬ್ಬ ಹೆಣ್ಣುಮಗಳ ವಿಷಯ ಹೇಳ್ತೀನಿ. ಹೆಸರು, ಊರು ಬೇಡ. ದೇವನಹಳ್ಳಿ ಕಡೆ ಏರ್‌ಪೋರ್ಟ್ ಸುತ್ತ ಎದ್ದಿರೋ ಅಪಾರ್ಟ್‌ಮೆಂಟುಗಳಲ್ಲಿ ಗಂಡ ಗಾರೆ ಕೆಲಸ, ಇವಳು ಹೆಲ್ಪರ್. ಇಬ್ಬರೂ ಒಂದೇ ಮೇಸ್ತ್ರಿ ಕೈಕೆಳಗೆ. ಜೋಡಿ ಕೂಲಿ ಅಂತಾರೆ, ಅಂದ್ರೆ ಶನಿವಾರದ ಬಟವಾಡೆ ಗಂಡನ ಕೈಗೆ ಹೋಗುತ್ತೆ, ಇವಳಿಗೆ ಏನು ಸಿಗುತ್ತೋ ಅದು ಅವನ ಮನಸ್ಸು. ಕೈ ಮುರಿದ ರಾತ್ರಿ ಎರಡು ಮಕ್ಕಳನ್ನ ಕಟ್ಕೊಂಡು ದೊಡ್ಡಬಳ್ಳಾಪುರ ತಾಲ್ಲೂಕಿನ ತವರಿಗೆ ಬಂದಳು. ತವರು ಅಂದ್ರೆ ಕಾಲೋನಿಯ ಒಂದೇ ಕೋಣೆ, ಅದರಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳು, ಕಣ್ಣು ಕಾಣದ ಅವ್ವ. ಅಲ್ಲಿ ಏಳು ತಿಂಗಳಿದ್ದಳು. ಮಗಳ ಓದಿಗೆ ಸಹಾಯಧನ ಕೇಳೋಣ ಅಂತ ಕಾರ್ಡ್ ನವೀಕರಣಕ್ಕೆ ಹೋದಾಗ 90 ದಿನ ಕೆಲಸ ಮಾಡಿದ ದೃಢೀಕರಣ ಪತ್ರ ಕೇಳಿದರು. ಅದನ್ನ ಕೊಡಬೇಕಾದೋನು ಕೆಲಸ ಕೊಟ್ಟೋನು. ಮೇಸ್ತ್ರಿ ಅಂದದ್ದು: "ನಿನ್ನ ಗಂಡನ್ನ ಕರ್ಕೊಂಡು ಬಾರಮ್ಮ, ಇಬ್ಬರದ್ದೂ ಒಟ್ಟಿಗೇ ಮಾಡಿಸಿಕೊಡ್ತೀನಿ."

ಆ ಮೇಸ್ತ್ರಿ ಕೆಟ್ಟೋನು ಅಂತ ನಾನು ಹೇಳ್ತಿಲ್ಲ. ಅವನ ಮಾತಲ್ಲಿ ಅವನಿಗೆ ತಪ್ಪೇನೂ ಕಂಡಿರಲ್ಲ. ಕಾಯ್ದೆಯೇ ಅವಳನ್ನ ಗಂಡನ ಬಾಗಿಲಿಗೆ ವಾಪಸ್ ಕಳಿಸುವಾಗ ಮೇಸ್ತ್ರಿ ಒಬ್ಬನ್ನ ಬೈದು ಏನು ಬಂತು.

ಇದು ಬರೀ ಕಟ್ಟಡ ಕಾರ್ಮಿಕರ ಕಥೆಯಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನ ಕೇಳಿ. ಇಎಸ್ಐನಲ್ಲಿ ಕಾಯಿಲೆ ಭತ್ಯೆ ಸಿಗಬೇಕಾದ್ರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಮುಖ ಊದಿಕೊಂಡಿದೆ ಅಂತ ವಾರಗಟ್ಟಲೆ ಲೈನಿಗೆ ಹೋಗದೋಳು, ಗೇಟಿನ ಹತ್ರ ಗಂಡ ಬಂದು ಗಲಾಟೆ ಮಾಡ್ತಾನೆ ಅಂತ ಕೆಲಸ ಬಿಟ್ಟು ಬೇರೆ ಫ್ಯಾಕ್ಟರಿ ಹುಡುಕೋಳು, ಆ 78 ಎಲ್ಲಿಂದ ತರ್ತಾಳೆ?

ಇನ್ನು ಉದ್ಯೋಗ ಖಾತ್ರಿ. 2005ರ ಸೆಪ್ಟೆಂಬರ್ ತಿಂಗಳೊಂದರಲ್ಲೇ ಎರಡು ಕಾಯ್ದೆಗಳಿಗೆ ರಾಷ್ಟ್ರಪತಿ ಅಂಕಿತ ಬಿತ್ತು, ಒಂದು ಉದ್ಯೋಗ ಖಾತ್ರಿ, ಇನ್ನೊಂದು ಕೌಟುಂಬಿಕ ದೌರ್ಜನ್ಯ ತಡೆ. ಅಕ್ಕತಂಗಿಯರ ಹಾಗೆ ಹುಟ್ಟಿದ ಕಾಯ್ದೆಗಳು, ಆದ್ರೆ ಒಂದಕ್ಕೊಂದು ಮುಖ ಪರಿಚಯ ಇಲ್ಲ. ಖಾತ್ರಿ ಕಾಯ್ದೆ ಕುಟುಂಬ ಅಂದ್ರೆ ಏನು ಅಂತ ಹೇಳಿದ್ದು ಹೀಗೆ: ರಕ್ತಸಂಬಂಧ, ಮದುವೆ ಅಥವಾ ದತ್ತು ಮೂಲಕ ನೆಂಟರಾಗಿ ಒಟ್ಟಿಗೆ ವಾಸ ಮಾಡಿ ಒಟ್ಟಿಗೆ ಉಣ್ಣೋರು, ಇಲ್ಲವೇ ಒಂದೇ ರೇಷನ್ ಕಾರ್ಡ್ ಇರೋರು. ಆ ಕೊನೇ ಪದಗಳನ್ನ ನೋಡಿ. ಅವಳು ಒಟ್ಟಿಗೆ ಉಣ್ಣೋದು ಬಿಟ್ಟು ವರ್ಷ ಆಗಿದ್ರೂ ರೇಷನ್ ಕಾರ್ಡ್ ಒಂದೇ ಆಗಿದ್ರೆ ಪಂಚಾಯ್ತಿ ಲೆಕ್ಕದಲ್ಲಿ ಅವಳು ಆ ಮನೆಯೋಳೇ. ಅವಳ ಪಾಲಿನ ಮಾನವ ದಿನಗಳೂ ಆ ಮನೆಯವೇ. ಈಗ ದೆಹಲಿ ಆ ಕಾಯ್ದೆಯ ಬದಲಿಗೆ ಹೊಸ ಕಾಯ್ದೆ ತಂದು 125 ದಿನ ಅಂದಿದೆ. ಘಟಕ ಮಾತ್ರ ಕುಟುಂಬವೇ. ಮಾರ್ಗಸೂಚಿಯಲ್ಲಿ ಗಂಡ ಬಿಟ್ಟ ಹೆಂಗಸರ ಬಗ್ಗೆ ಸಾಲುಗಳು ಇದ್ದವು. ಗಂಡ ಬಿಟ್ಟೋಳಿಗೆ ಒಂದು ಖಾನೆ ಇದೆ, ಗಂಡನ್ನ ಬಿಟ್ಟೋಳಿಗೆ ಇಲ್ಲ, ಗಮನಿಸಿದ್ದೀರಾ?

ರೇಷನ್ ಕಾರ್ಡಿಗೆ ಬರೋಣ, ಎಲ್ಲದಕ್ಕೂ ಬೇರು ಅದೇ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನ ಯಜಮಾನಿ ಅಂತ ಮಾಡಿತು. ಉದ್ದೇಶ ಒಳ್ಳೇದು. ಆದ್ರೆ ಹಿರಿಯ ಹೆಂಗಸು ಅಂದ್ರೆ ಬಹಳ ಮನೆಗಳಲ್ಲಿ ಅತ್ತೆ. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ಹೋಗೋದೂ ಕಾರ್ಡಿನಲ್ಲಿರೋ ಯಜಮಾನಿಗೆ. ಅರ್ಜಿ ಹಾಕುವಾಗ ಗಂಡನ ಆಧಾರ್ ಬೇರೆ ಬೇಕಿತ್ತು. ಓಡಿ ಬಂದ ಹೆಂಗಸು ತನ್ನದೇ ಆಧಾರ್ ತಂದಿದ್ರೆ ಅದೇ ಹೆಚ್ಚು.

ಅದೇ ಸರ್ಕಾರ, ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ತಂತು. ಬಸ್ ಹತ್ತಿದ ಹೆಂಗಸನ್ನ ಕಂಡಕ್ಟರ್ ನಿನ್ನ ಗಂಡ ಯಾರು, ಯಜಮಾನಿ ಯಾರು ಅಂತ ಕೇಳಲ್ಲ. ಈ ರಾಜ್ಯದವಳು ಅಂತ ಒಂದು ಗುರುತಿನ ಚೀಟಿ ತೋರಿಸಿದ್ರೆ ಸಾಕು. ಆ ರಾತ್ರಿ ಓಡಿ ಬಂದ ಎಷ್ಟೋ ಹೆಣ್ಣುಮಕ್ಕಳು ಬಂದದ್ದು ಶಕ್ತಿ ಬಸ್ಸಲ್ಲೇ. ಹೆಣ್ಣನ್ನ ಒಂಟಿ ವ್ಯಕ್ತಿಯಾಗಿ ನೋಡೋದು ಆಗಲ್ಲ ಅಂತ ಇನ್ನು ಯಾವ ಅಧಿಕಾರಿಯೂ ಹೇಳೋ ಹಾಗಿಲ್ಲ. ಆಗುತ್ತೆ, ಮಾಡಿ ತೋರಿಸಿದ್ದಾರೆ.

ಪಿಂಚಣಿ ಕೇಳೋಣ ಅಂದ್ರೆ ವಿಧವೆಯರದ್ದಕ್ಕೆ ಗಂಡ ಸತ್ತಿರಬೇಕು. ಮನಸ್ವಿನಿ ಇರೋದು ಅವಿವಾಹಿತೆಯರಿಗೆ, ವಿಚ್ಛೇದಿತೆಯರಿಗೆ, ಅದೂ 40 ದಾಟಿದ ಮೇಲೆ. ಮೂವತ್ತರ ಹೆಣ್ಣುಮಗಳು ಹತ್ತು ವರ್ಷ ಏನು ಉಣ್ಣಬೇಕು?

ಇದನ್ನ ಕೇಳಿದ ಕೂಡಲೇ ಬರೋ ಮಾತು, "ಷರತ್ತು ಸಡಿಲ ಮಾಡಿದ್ರೆ ಎಲ್ಲರೂ ಸುಳ್ಳು ಹೇಳ್ಕೊಂಡು ಬರ್ತಾರೆ, ಮೊದಲೇ ಬೋಗಸ್ ಕಾರ್ಡ್ ಹಾವಳಿ." ಫೈಲು ನೋಡೋ ಗುಮಾಸ್ತಳಾಗಿ ಹೇಳ್ತೀನಿ, ಬೋಗಸ್ ಮಾಡೋನಿಗೆ ದೃಢೀಕರಣ ಪತ್ರ ತರೋದು ಕಷ್ಟವೇ ಅಲ್ಲ, ದುಡ್ಡು ಕೊಟ್ಟರೆ 90 ಅಲ್ಲ 300 ದಿನ ಬರೆದುಕೊಡೋರಿದ್ದಾರೆ. ಪತ್ರ ಸಿಗದೆ ಒದ್ದಾಡೋದು ನಿಜವಾಗಿ ದುಡಿದೋಳು. ಇನ್ನು ಗಂಡ ಹೊಡೆದ ಅಂತ ಸುಳ್ಳು ಹೇಳ್ಕೊಂಡು ಕಚೇರಿ ಕಚೇರಿ ಅಲೆಯೋ ಹೆಂಗಸನ್ನ ನಾನಂತೂ ನೋಡಿಲ್ಲ. ಹೊಡೆತ ತಿಂದೂ ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಂದೋರನ್ನ ಬೇಕಾದಷ್ಟು ನೋಡಿದ್ದೀನಿ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ ಅಂತ ಹೇಳಿತು. ಅದರಲ್ಲಿ ಎಷ್ಟು ಜನ ಠಾಣೆ ಮೆಟ್ಟಿಲು ಹತ್ತಿದ್ರು ಅನ್ಕೊಂಡಿದ್ದೀರಿ?

ಎರಡನೇ ಮಾತು ನಮ್ಮೊಳಗಿಂದಲೇ ಬರುತ್ತೆ. ಚಳವಳಿಯ ಅಣ್ಣಂದಿರು ಹೇಳ್ತಾರೆ, "ಈಗ್ಲೇ ನಮ್ಮೋರು ಕುಡುಕರು ಅಂತ ಊರೋರು ಆಡ್ಕೋತಾರೆ, ಇದನ್ನ ನೀವೇ ಬೀದಿಗೆ ತರಬೇಡಿ ಅಕ್ಕಾ." ಅಣ್ಣಂದಿರೇ, ಹೆಂಡತಿಯನ್ನ ಹೊಡೆಯೋದು ಎಲ್ಲಾ ಜಾತಿಯಲ್ಲೂ ಇದೆ. ವ್ಯತ್ಯಾಸ ಇರೋದು ಹೊಡೆತ ತಿಂದೋಳು ಎಲ್ಲಿಗೆ ಹೋಗಬಹುದು ಅನ್ನೋದರಲ್ಲಿ. ಜಮೀನಿರೋ ಮನೆಯ ಮಗಳಿಗೆ ತವರಲ್ಲಿ ಒಂದು ಕೋಣೆ ಇರುತ್ತೆ, ಒಂದು ಹಸು ಇರುತ್ತೆ. ನಮ್ಮೋಳಿಗೆ ಕೂಲಿ ಬಿಟ್ಟರೆ ಇನ್ನೇನಿಲ್ಲ, ಆ ಕೂಲಿಯೂ ಗಂಡನ ಮೇಸ್ತ್ರಿ ಕೈಯಲ್ಲಿ. ಬಾಬಾಸಾಹೇಬರು ಹಿಂದೂ ಕೋಡ್ ಬಿಲ್‌ನಲ್ಲಿ, ಕ್ರೂರ ಗಂಡನಿಂದ ಬೇರೆ ಇದ್ದರೂ ಹೆಂಡತಿಗೆ ಜೀವನಾಂಶದ ಹಕ್ಕು ಹೋಗಬಾರದು ಅಂತ ಇಟ್ಟಿದ್ದರು. ಆ ಬಿಲ್ ಹೀಗೇ ಕೊಳೆಯೋದನ್ನ ನೋಡಿ 1951ರ ಸೆಪ್ಟೆಂಬರ್ 27ಕ್ಕೆ ಮಂತ್ರಿಗಿರಿ ಬಿಟ್ಟರು. ಅವರ ಫೋಟೋ ಹಿಂದೆ ನಿಂತು ಇದು ಮನೆ ವಿಷಯ ಅನ್ನಬೇಡಿ.

ಬೇರೆ ಕಡೆ ಹೇಗಿದೆ ಅಂತ ಕೇಳೋರಿಗೆ: ಅಮೆರಿಕ ಬಡವರ ವಿಷಯದಲ್ಲಿ ಕರುಣೆಯ ದೇಶವೇನಲ್ಲ. ಅದೇ 1996ರಲ್ಲಿ ಅವರು ನೆರವು ಬೇಕಾದ್ರೆ ದುಡಿಯಲೇಬೇಕು, ಜೀವಮಾನದಲ್ಲಿ 60 ತಿಂಗಳಷ್ಟೇ ನೆರವು ಅಂತ ಕಾನೂನು ಮಾಡಿದರು. ಅಂಥಾ ಕಠಿಣ ಕಾನೂನಲ್ಲೂ ವೆಲ್‌ಸ್ಟೋನ್ ಮತ್ತು ಮರ್ರಿ ಅನ್ನೋ ಇಬ್ಬರು ಸೆನೆಟರ್‌ಗಳು ಹೋರಾಡಿ, ಮನೆಯ ಹಿಂಸೆಗೆ ಸಿಕ್ಕಿದ ಹೆಂಗಸರಿಗೆ ಆ ಷರತ್ತುಗಳನ್ನ ಮನ್ನಾ ಮಾಡೋ ಅವಕಾಶವನ್ನ ರಾಜ್ಯಗಳಿಗೆ ಕೊಡಿಸಿದರು. ನಾವು ಅದೇ ವರ್ಷ ಸಾರ್ವೆಯಿಂದ ಬಿದ್ದೋನ ತನಕ ಬಂದು ನಿಂತೆವು.

ಮನ್ನಾ ಅಂದ್ರೆ ಕೆಲಸ ಬೇಡ ಅಂತಲ್ಲ. ನಮ್ಮ ಹೆಂಗಸರು ಕೆಲಸಕ್ಕೆ ಅಂಜಿದೋರಲ್ಲ, ಕೈ ಕೂಡಿಕೊಂಡ ದಿನವೇ ಬಾಂಡ್ಲಿ ಎತ್ತುತಾರೆ. ಕೇಳ್ತಿರೋದು ಇಷ್ಟೇ, ತಪ್ಪಿಸಿಕೊಂಡು ಬದುಕಿದ ದಿನಗಳನ್ನ ಅವಳ ವಿರುದ್ಧ ಎಣಿಸಬೇಡಿ.

ಕಾಯ್ದೆ ಕೇಂದ್ರದ್ದು, ನಮ್ಮ ಕೈಲಿಲ್ಲ ಅಂತ ಕಾರ್ಮಿಕ ಇಲಾಖೆ ಹೇಳುತ್ತೆ. ಪರಂತುಕ ತಿದ್ದೋದು ಸಂಸತ್ತೇ, ಸರಿ. ಆದ್ರೆ ಕಲ್ಯಾಣ ಮಂಡಳಿ ನಿಯಮದ ಮೂಲಕ ಬೇರೆ ಕಲ್ಯಾಣ ಕ್ರಮಗಳನ್ನೂ ತರಬಹುದು ಅಂತ ಅದೇ ಹಳೇ ಕಾಯ್ದೆಯ 22ನೇ ಕಲಂ ಹೇಳಿತ್ತು. ಏರ್‌ಪೋರ್ಟ್ ಸುತ್ತ ಎದ್ದ ಒಂದೊಂದು ಗೋಪುರದ ವೆಚ್ಚದಲ್ಲೂ ಶೇ. 1 ಸೆಸ್ ಮಂಡಳಿಗೆ ಹೋಗಬೇಕು. ಆ ದುಡ್ಡಲ್ಲಿ ಇವಳ ಬೆವರೂ ಇದೆ. ಆರು ತಿಂಗಳ ತುರ್ತು ಭತ್ಯೆ ಕೊಡೋಕೆ ಯಾರ ಅಪ್ಪಣೆ ಬೇಕು?

ಪುರಾವೆ ಏನು ಅಂತೀರಾ? ನಮ್ಮಲ್ಲಿ ಸಿಡಿಪಿಒಗಳೇ ಸಂರಕ್ಷಣಾಧಿಕಾರಿಗಳು. ಅವರು ಬರೆಯೋ ಕೌಟುಂಬಿಕ ಘಟನಾ ವರದಿ ಸಾಕು. ಅದಿಲ್ಲದಿದ್ರೆ ಸಾಂತ್ವನ ಕೇಂದ್ರದ ಪತ್ರ, ಸಖಿ ಕೇಂದ್ರದ ನೋಂದಣಿ, ಆಸ್ಪತ್ರೆ ಚೀಟಿ. ಅದೂ ಇಲ್ಲದಿದ್ರೆ ಅವಳದೇ ಹೇಳಿಕೆ. ಕೋರ್ಟ್ ಆದೇಶ ತಾ ಅನ್ನೋದು ಮಾತ್ರ ಬೇಡ. ಮೊದಲ ವಿಚಾರಣೆಯಿಂದ 60 ದಿನದಲ್ಲಿ ಅರ್ಜಿ ಮುಗಿಸೋಕೆ ಪ್ರಯತ್ನ ಮಾಡಬೇಕು ಅಂತ ಕಾಯ್ದೆ ಮ್ಯಾಜಿಸ್ಟ್ರೇಟರಿಗೆ ಹೇಳುತ್ತೆ. ಅವರಿಗೆ 60 ದಿನ ಪ್ರಯತ್ನ, ಅವಳಿಗೆ 90 ದಿನ ಕಡ್ಡಾಯ.

ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೂ ಕಾರ್ಮಿಕ ಇಲಾಖೆಗೂ ಕೊಡೋಕೆ ಮನವಿ ಬರೀತಿದ್ದೀವಿ. ಹೊಸಕೋಟೆ, ನೆಲಮಂಗಲ ಕಡೆ ಕೆಲಸ ಮಾಡೋ ಸಂಗಾತಿಗಳು ನಿಮಗೆ ಗೊತ್ತಿರೋ ಪ್ರಕರಣಗಳನ್ನ ಇನ್‌ಬಾಕ್ಸ್ ಮಾಡಿ. ಹೆಸರು, ಫೋಟೋ, ಊರು ಏನೂ ಬೇಡ, ಕಾಮೆಂಟಲ್ಲಂತೂ ಹಾಕಲೇಬೇಡಿ, ಆ ಗಂಡಂದಿರ ಕೈಲೂ ಫೋನಿದೆ. ತಾಲ್ಲೂಕು ಯಾವುದು, ಎಷ್ಟು ದಿನ ಕೆಲಸ ತಪ್ಪಿತು, ಯಾವ ಸೌಲಭ್ಯ ನಿಂತುಹೋಯ್ತು, ಇಷ್ಟು ಬರೆದ್ರೆ ಸಾಕು.