ಸುರಹೊನ್ನೆಯ ಪರವಾಗಿ ಒಂದು ತಕರಾರು

ಕಳೆದ ಮಳೆಗಾಲದ ಆರಂಭದಲ್ಲಿ ಮಂಗಳೂರಿನ ಸಸಿಗಳ ಅಂಗಡಿಯೊಂದಕ್ಕೆ ಹೋಗಿ, “ಹೊನ್ನೆಯ ಗಿಡ ಇದೆಯೇ?” ಎಂದು ಕೇಳಿದೆ. ಅಂಗಡಿಯಾತ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, “ಅದು ಕಾಡುಗಿಡ ಮಾರಾಯ್ರೆ! ದುಡ್ಡು ಕೊಟ್ಟು ಅದನ್ನು ಯಾರು ಕೊಂಡು ಹೋಗ್ತಾರೆ?” ಎಂದು ನಕ್ಕ. ಅವನ ಮೇಲೆ ನನಗೆ ಸಿಟ್ಟಿಲ್ಲ. ಗಿರಾಕಿ ಕೇಳಿದ್ದನ್ನು ಮಾರುವವನು ಅವನು. ನನ್ನ ತಕರಾರೆಲ್ಲ ಗಿರಾಕಿಗಳ ಮೇಲೆ; ಎಂದರೆ ನಿಮ್ಮ ಮೇಲೆ ಮತ್ತು ನನ್ನ ಮೇಲೆ.

ಘಟ್ಟದ ಮೇಲಿನವರು ಹೊನ್ನೆ ಎಂದು ಕರೆಯುವ, ಕೆಂಪು ರಸ ಒಸರುವ ಮೋಪಿನ ಮರ ಬೇರೆ. ನಾನು ಹೇಳುತ್ತಿರುವುದು ಕಡಲಂಚಿನ ಸುರಹೊನ್ನೆಯನ್ನು. ಸಸ್ಯಶಾಸ್ತ್ರಜ್ಞರು ಇದಕ್ಕೆ ಕ್ಯಾಲೋಫಿಲಮ್, ಅಂದರೆ ‘ಚೆಲುವಾದ ಎಲೆ’ ಎಂದು ಹೆಸರಿಟ್ಟರು. ವರ್ಷವಿಡೀ ಹಸಿರು, ಎಣ್ಣೆ ಸವರಿದಂತೆ ಹೊಳೆಯುವ ದಪ್ಪ ಎಲೆ, ಹಳದಿ ಕೇಸರಗಳ ಬಿಳಿ ಹೂವಿನ ಗೊಂಚಲು, ಅದರ ಕಂಪು. ಮರಳಿಗೂ ಉಪ್ಪುಗಾಳಿಗೂ ಅಂಜದು. ಸೀಮೆಎಣ್ಣೆ ಬರುವ ಮೊದಲು ನಮ್ಮ ಕರಾವಳಿಯ ಮನೆಗಳಲ್ಲಿ ಉರಿದದ್ದು ಇದರ ಬೀಜದ ಎಣ್ಣೆ. ಅದೇ ಎಣ್ಣೆಯನ್ನು ಈಗ ‘ತಮನು’ ಎಂಬ ಪಾಲಿನೇಷ್ಯದ ಹೆಸರಿನಲ್ಲಿ, ಬೆರಳುದ್ದದ ಸೀಸೆಯಲ್ಲಿ, ಮುಖಕ್ಕೆ ಹಚ್ಚಲೆಂದು ನಾವು ಕೊಳ್ಳುತ್ತೇವೆ!

ಇಂಥ ಮರವನ್ನು ಬಿಟ್ಟು ನಮ್ಮ ಬಡಾವಣೆಯವರು ಬೇಲಿಯುದ್ದಕ್ಕೂ ನೆಟ್ಟಿರುವುದು ಕೊನೊಕಾರ್ಪಸ್. ಅದೂ ನಿತ್ಯಹಸಿರಿನದೇ, ಕಡಲಂಚಿನದೇ. ಆದರೆ ಕಡಲು ಬೇರೆಯವರದು. ಅದರ ಒಂದು ಜಾತಿ ಅಮೆರಿಕದ ತೀರದ್ದು, ಇನ್ನೊಂದು ಸೋಮಾಲಿಯಾದ ಕಡೆಯದು. 2023ರಲ್ಲಿ ಗುಜರಾತಿನ ಅರಣ್ಯ ಇಲಾಖೆ ಅದನ್ನು ನೆಡಬಾರದೆಂದು ನಿಷೇಧಿಸಿತು. ಪರದೇಶದ್ದೆಂಬುದೇ ನನ್ನ ಆಕ್ಷೇಪವಲ್ಲ. ಗೋಡಂಬಿಯೂ ಮೆಣಸಿನಕಾಯಿಯೂ ಹೊರಗಿನಿಂದಲೇ ಬಂದವು. ಅವನ್ನು ಬಿಟ್ಟು ನಾನು ಉಣ್ಣಲಾರೆ. ಬಂದವರಿಗೆ ಮಣೆ ಹಾಕುವಾಗ ಮನೆಯವರನ್ನು ಹೊರಗೆ ನಿಲ್ಲಿಸಿದ್ದೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ನಿಮ್ಮ ಉತ್ತರ ನನಗೆ ಗೊತ್ತಿದೆ. ಹೊನ್ನೆ ನಿಧಾನವಾಗಿ ಬೆಳೆಯುತ್ತದೆ, ಅಂಗಳದ ತುಂಬ ಕಾಯಿ ಉದುರಿಸುತ್ತದೆ, ಬಾವಲಿಗಳು ಬರುತ್ತವೆ. ಎಲ್ಲ ನಿಜ. 1994ರಲ್ಲಿ ಇವೇ ಮಾತುಗಳನ್ನು ಆಡಿ, ನನ್ನ ತಂದೆ ನೆಟ್ಟ ಹೊನ್ನೆಯನ್ನು ನಾನೇ ಕಡಿಸಿದೆ. ಕಾರು ನಿಲ್ಲಿಸಲು ಜಾಗ ಬೇಕಾಗಿತ್ತು. ಅಮ್ಮ ಬೇಡವೆನ್ನಲಿಲ್ಲ, ಬಾವಲಿ ಚೀಪಿ ಬಿಸಾಡಿದ್ದ ಬೀಜಗಳನ್ನು ಕೊನೆಯ ಸಲ ಆರಿಸಿ ಬುಟ್ಟಿಗೆ ಹಾಕಿಕೊಂಡಳು. ಆ ನೆರಳು ಇದ್ದ ಕಡೆ ಈಗ ತಗಡಿನ ಮಾಡು. ಏಪ್ರಿಲ್ ತಿಂಗಳ ಮಧ್ಯಾಹ್ನ ಅದರಡಿ ನಿಂತು ನೋಡಿದರೆ, ನಾನು ಯಾವ ವ್ಯಾಪಾರ ಮಾಡಿದೆನೆಂಬುದು ನೆತ್ತಿಗೆ ತಿಳಿಯುತ್ತದೆ.

ಹೊನ್ನೆ ನೆಟ್ಟರೆ ಕಡಲ್ಕೊರೆತ ನಿಲ್ಲುತ್ತದೆಂದು ನಾನು ಹೇಳುವುದಿಲ್ಲ. ಅಂಥ ಮಾತು ಮರಕ್ಕೂ ಅನ್ಯಾಯ. ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ನೆಡಿರೆಂದೂ ಹೇಳೆ. ಹೊನ್ನೆ ಕೈಚಾಚಿ ಹರಡುವ ಮರ, ಗೋಡೆಯಿಂದ ಇಪ್ಪತ್ತಡಿಯಾದರೂ ದೂರವಿರಬೇಕು. ಆದರೆ ದೊಡ್ಡ ಹಿತ್ತಿಲಿದ್ದವರಿಗೆ, ಶಾಲೆಯ ಮೈದಾನಗಳಿಗೆ, ಬಡಾವಣೆಯ ಉದ್ಯಾನಗಳಿಗೆ ಯಾವ ನೆಪವಿದೆ? ಬೆಳೆಸುವುದು ಕಷ್ಟವೇನಲ್ಲ. ಹೊಸ ಬೀಜವನ್ನು ಹಾಗೆಯೇ ಬಿತ್ತಿದರೆ ಎರಡು ತಿಂಗಳಾದರೂ ಕಾಯಬೇಕು; ಒಳಗಿನ ತಿರುಳಿಗೆ ಪೆಟ್ಟಾಗದಂತೆ ಚಿಪ್ಪನ್ನು ಮೆಲ್ಲನೆ ಒಡೆದು ಬಿತ್ತಿದರೆ ಬೇಗ ಮೊಳೆಯುತ್ತದೆ. ಮೊದಲ ಒಂದೆರಡು ಬೇಸಗೆ ನೀರು ಹಾಕಿ, ಕಳೆ ಕೀಳಿ, ಆಮೇಲೆ ಸುಮ್ಮನಿರಿ. ಈ ಸುಮ್ಮನಿರುವುದೇ ನಮ್ಮಿಂದ ಆಗದ ಕೆಲಸ! ನಿಧಾನವೆಂಬುದು ಮರದ ದೋಷವಲ್ಲ. ಮೂರು ವರ್ಷದಲ್ಲಿ ಹಸಿರು ಗೋಡೆ ಬೇಕೆನ್ನುವ ನಮ್ಮ ಅವಸರದ ದೋಷ.

ಆ ದಿನ ಬರಿಗೈಯಲ್ಲಿ ಮರಳಿದವನು ಕಡಲ ದಂಡೆಗೆ ಹೋಗಿ ಹತ್ತು ಬೀಜ ಆಯ್ದು ತಂದೆ. ಏಳು ಮೊಳೆತವು. ಎರಡನ್ನು ಹಿತ್ತಿಲಲ್ಲಿ ನೆಟ್ಟೆ. ಐದನ್ನು ಆ ಅಂಗಡಿಯಾತನಿಗೇ ಕೊಟ್ಟೆ. ಅವನು ಮತ್ತೆ ನಕ್ಕ. ಆದರೂ ಸಾಲಿನ ಕೊನೆಯಲ್ಲಿ ಜಾಗ ಕೊಟ್ಟ. ಮೊನ್ನೆ ನೋಡಿದೆ, ಐದೂ ಅಲ್ಲಿಯೇ ಇವೆ. ಗಿಡ ಸಿಗುವುದಿಲ್ಲವೆಂಬ ನೆಪ ಹೋಯಿತು. ಇನ್ನು ಕೇಳುವವರು ಬರಬೇಕು.