ಎಲ್ಲ ಗಾಡಿಯಲ್ಲೂ ಮಿಣಮಿಣ, ಆಂಬುಲೆನ್ಸ್ ಯಾವುದಣ್ಣ?

ಹೋದ ಮಾವಿನ ಸೀಸನ್ನು. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಬರುವ ರಸ್ತೆ, ರಾತ್ರಿ ಎಂಟೂವರೆ. ನನ್ನ ಬೈಕಿನ ಮುಂದೆ ಮಾವಿನ ಕ್ರೇಟು ತುಂಬಿದ ಟ್ರ್ಯಾಕ್ಟರ್. ಹಿಂದಿನಿಂದ ಒಂದು ಆಂಬುಲೆನ್ಸ್ ಬಂತು. ನಾನು ಮಣ್ಣಿಗೆ ಇಳಿದೆ. ಟ್ರ್ಯಾಕ್ಟರ್ ಇಳಿಯಲಿಲ್ಲ. ಆಂಬುಲೆನ್ಸ್ ಹಾರ್ನ್ ಮೇಲೆ ಹಾರ್ನ್ ಹೊಡೆಯಿತು, ಎಡಕ್ಕೆ ಬಂತು, ಬಲಕ್ಕೆ ಹೋಯಿತು. ದಾರಿ ಸಿಗುವ ಹೊತ್ತಿಗೆ ಒಂದು ಕಿಲೋಮೀಟರ್ ಕಳೆದಿತ್ತು.

ಮುಂದೆ ಟೀ ಅಂಗಡಿ ಹತ್ತಿರ ಟ್ರ್ಯಾಕ್ಟರ್ ನಿಂತಾಗ ಜನ ಸೇರಿ ಡ್ರೈವರನ್ನು ಬೈದರು. ನಾನೂ ಬೈದೆ. ಆ ಹುಡುಗ ಹೇಳಿದ್ದು ಇಷ್ಟೇ: "ಅಣ್ಣಾ, ಇಂಜಿನ್ ಸದ್ದಲ್ಲಿ ಸೈರನ್ ಎಲ್ಲಿ ಕೇಳುತ್ತೆ? ಹಿಂದೆ ಮಿಣಮಿಣ ಅಂತಿತ್ತು, ಕಂಡಿತು. ಯಾವುದೋ ಟೊಮೆಟೊ ಪಿಕಪ್ಪು ಅಂದುಕೊಂಡೆ. ಈಗ ಎಲ್ಲಾ ಗಾಡಿಗೂ ಅದೇ ಲೈಟಲ್ವಾ?"

ಅವನಿಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಈ ಬರಹ ಬರೆಯಲು ಅದೇ ಕಾರಣ.

ನಮ್ಮ ಜನ ದಾರಿ ಬಿಡುವುದಿಲ್ಲ, ನಮಗೆ ಬುದ್ಧಿ ಇಲ್ಲ ಎಂದು ಹೇಳುವುದು ಎಲ್ಲರಿಗೂ ಸುಲಭ. ನಾನು ಒಪ್ಪುವುದಿಲ್ಲ. ಆಂಬುಲೆನ್ಸ್ ಎಂದು ಗೊತ್ತಾದರೆ ನಮ್ಮೂರಲ್ಲಿ ಎತ್ತಿನ ಗಾಡಿಯೂ ಪಕ್ಕಕ್ಕೆ ಹೋಗುತ್ತದೆ. ಗೊತ್ತಾಗುವುದೇ ಇಲ್ಲ ಎನ್ನುವುದು ನಿಜವಾದ ಸಮಸ್ಯೆ. ಆ ಲೈಟಿನ ಮಾನವನ್ನು ನಾವೇ ಕಳೆದಿದ್ದೇವೆ.

ಒಂದು ರಾತ್ರಿ ಕೋಲಾರ ಎಪಿಎಂಸಿ ಮುಂದೆಯೋ ವಡ್ಡಹಳ್ಳಿ ಟೊಮೆಟೊ ಮಾರುಕಟ್ಟೆ ಹತ್ತಿರವೋ ಅರ್ಧ ಗಂಟೆ ನಿಂತು ನೋಡಿ. ಪಿಕಪ್ಪಿನ ಬಂಪರಿನಲ್ಲಿ ಕೆಂಪು-ನೀಲಿ ಪಟ್ಟಿ. ಕೋಳಿ ಗಾಡಿಯ ತಲೆ ಮೇಲೆ ಹಸಿರು-ನೇರಳೆ. ಪ್ರವಾಸಿ ಬಸ್ಸಿನ ಹಿಂದೆ ಓಡುವ ಲೈಟು. ಮರಿ ಪುಢಾರಿಯ ಕಾರಿನ ಗ್ರಿಲ್ ಒಳಗೆ ಪೊಲೀಸ್ ಗಾಡಿಯಂಥ ಪಟಪಟ. ಆಟೋದಲ್ಲೂ ಇದೆ, ಬೈಕಿನಲ್ಲೂ ಇದೆ. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹಾಕಿಕೊಡಲು ಹತ್ತು ನಿಮಿಷ. ಜಾತ್ರೆಯ ಮಧ್ಯೆ ಆಂಬುಲೆನ್ಸ್ ಬಂದರೆ ಅದೂ ಜಾತ್ರೆಯ ಗಾಡಿಯೇ.

ತಮಾಷೆ ಅಂದರೆ, ನಾವು ಫೋನು ಮಾಡುವ ನಂಬರೂ 108, ಈ ಲೈಟಿನ ಕಾನೂನೂ 108. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 108ನೇ ನಿಯಮ ಯಾವ ಗಾಡಿಗೆ ಯಾವ ದೀಪ ಎಂದು ಹೇಳುತ್ತದೆ. ಮಂತ್ರಿ-ಮಹೋದಯರ ಕೆಂಪು ದೀಪ 2017ರ ಮೇ 1ರಿಂದ ಹೋಯಿತು. ಆಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದೇ ತಿದ್ದುಪಡಿ ಇನ್ನೊಂದು ಮಾತೂ ಹೇಳಿತು: ಕೆಂಪು, ನೀಲಿ, ಬಿಳಿ ಸೇರಿದ ಮಿನುಗು ದೀಪ ತುರ್ತು ಮತ್ತು ವಿಪತ್ತು ಕೆಲಸಕ್ಕೆ ಗೊತ್ತುಪಡಿಸಿದ ವಾಹನಗಳಿಗೆ ಮಾತ್ರ, ಅದೂ ಆ ಕೆಲಸದ ಮೇಲೆ ಇರುವಾಗ ಮಾತ್ರ. ದೊಡ್ಡವರ ಕಾರಿನಿಂದ ದೀಪ ಇಳಿಯಿತು. ಆಮೇಲೆ ಅದು ನಮ್ಮ ಟೆಂಪೋ ಹತ್ತಿತು. ವಿಐಪಿ ರೋಗ ಹಳ್ಳಿಗೆ ಬಂದಿದೆ, ಅಷ್ಟೇ.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಇ ಕಲಂ ಸೇರಿತು. ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಒಳ್ಳೆಯದೇ. ಆದರೆ ಗುರುತು ಹಿಡಿಯಲು ಆಗದ ಗಾಡಿಗೆ ದಾರಿ ಬಿಡಲಿಲ್ಲ ಎಂದು ಟ್ರ್ಯಾಕ್ಟರ್ ಹುಡುಗನನ್ನು ಜೈಲಿಗೆ ಹಾಕುವುದು, ಆ ಗುರುತನ್ನೇ ಕೆಡಿಸಿದ ನಕಲಿ ಲೈಟಿನ ಕಾರನ್ನು ಟೋಲಿನಲ್ಲಿ ಸಲಾಂ ಹೊಡೆದು ಬಿಡುವುದು, ಇದು ಯಾವ ನ್ಯಾಯ?

ಇನ್ನು ಆಂಬುಲೆನ್ಸಿನ ದೀಪದ ವಿಷಯ. ಇಲ್ಲಿಯೂ ತಪ್ಪಿದೆ. ಜೋರಾಗಿ ಮಿನುಗಿದರೆ, ಬೇಗಬೇಗ ಮಿನುಗಿದರೆ, ಕಣ್ಣು ಕುಕ್ಕಿದರೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿದೆ. ಅದು ಅರ್ಧ ನಿಜ.

ಬೇಗ ಮಿನುಗುವ ದೀಪ ಅವಸರ ಇದೆ ಎಂದು ಹೇಳುತ್ತದೆ, ಸರಿ. ಆದರೆ ಎಷ್ಟು ಬೇಗ ಎಂಬುದಕ್ಕೆ ಮಿತಿ ಇದೆ. ಯುರೋಪಿನ ದೇಶಗಳು ಪಾಲಿಸುವ ನಿಯಮದಲ್ಲಿ ಗಾಡಿ ಮೇಲಿನ ಎಚ್ಚರಿಕೆ ದೀಪ ಸೆಕೆಂಡಿಗೆ ಎರಡರಿಂದ ನಾಲ್ಕು ಸಲ ಮಿನುಗಬೇಕು. ಅದಕ್ಕಿಂತ ಬೇಗ ಪಟಪಟ ಎಂದರೆ ನೋಡುವವನ ತಲೆ ಕೆಡುತ್ತದೆ. ಮೂರ್ಛೆ ರೋಗ ಇರುವ ಕೆಲವರಿಗೆ ಅಂಥ ಬೆಳಕೇ ಅಪಾಯ.

ಇನ್ನೊಂದು ಲೆಕ್ಕ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ದೀಪ ಪೂರ್ತಿ ಆರಿ ಅರ್ಧ ಸೆಕೆಂಡ್ ಕತ್ತಲಾದರೆ ಗಾಡಿ 11 ಮೀಟರ್ ಮುಂದೆ ಬಂದಿರುತ್ತದೆ. ನೋಡುವವನ ಕಣ್ಣಿಗೆ ಅದು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಹುಟ್ಟುತ್ತದೆ. ಹತ್ತಿರವೋ ದೂರವೋ ತಿಳಿಯುವುದಿಲ್ಲ. ಪೂರ್ತಿ ಆರುವ ಬದಲು ದೊಡ್ಡದು-ಚಿಕ್ಕದು ಆಗುತ್ತ ಮಿನುಗುವ ದೀಪ ಇದ್ದರೆ ದೂರ ಅಳೆಯುವುದು ಸುಲಭ.

ರಾತ್ರಿ ಇನ್ನೂ ಕಷ್ಟ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ನೀಲಿ ಬಣ್ಣ ಹಗಲಿಗಿಂತ ಹೆಚ್ಚು ಪ್ರಖರವಾಗಿ ಕಾಣುತ್ತದೆ. ಹಗಲು ಬಿಸಿಲಿಗೆ ಬೇಕಾದಷ್ಟು ಬೆಳಕನ್ನೇ ರಾತ್ರಿಯೂ ಬಿಟ್ಟರೆ ಎದುರು ಬರುವ ಬೈಕಿನವನ ಕಣ್ಣು ಮಂಕಾಗುತ್ತದೆ. ಅಪಘಾತದ ಜಾಗದಲ್ಲಿ ಆಂಬುಲೆನ್ಸ್ ನಿಂತಿದೆ, ಸಿಬ್ಬಂದಿ ಸ್ಟ್ರೆಚರ್ ಇಳಿಸುತ್ತಿದ್ದಾರೆ ಎನ್ನಿ. ಬರುವ ಲಾರಿಯವನಿಗೆ ದೀಪ ಮಾತ್ರ ಕಾಣುತ್ತದೆ, ದೀಪದ ಪಕ್ಕದ ಮನುಷ್ಯ ಕಾಣುವುದಿಲ್ಲ. ಅಮೆರಿಕದಲ್ಲಿ ಬೆಳಕಿನ ಬಗ್ಗೆ ಸಂಶೋಧನೆ ಮಾಡುವವರು ಪರೀಕ್ಷೆ ಮಾಡಿ ಹೇಳಿರುವುದೂ ಇದನ್ನೇ. ಅಲ್ಲಿನ ಅಗ್ನಿಶಾಮಕ ವಾಹನಗಳ ಮಾನದಂಡ ಎರಡು ಬಗೆಯ ದೀಪ ಇಟ್ಟಿದೆ: ಓಡುವಾಗ "ದಾರಿ ಬಿಡಿ" ಎನ್ನುವುದು ಒಂದು, ನಿಂತಾಗ "ಇಲ್ಲಿ ನಿಂತಿದ್ದೇನೆ, ಹುಷಾರು" ಎನ್ನುವುದು ಇನ್ನೊಂದು. ನಿಂತಾಗ ಬಿಳಿ ಮಿನುಗು ಬಂದ್.

ನಮ್ಮಲ್ಲಿ ಎರಡಕ್ಕೂ ಒಂದೇ ಪಟಪಟ. ಓಡುತ್ತಿದೆಯೋ ನಿಂತಿದೆಯೋ ಹಿಂದಿನವನು ಊಹೆ ಮಾಡಬೇಕು. ಬೆಂಗಳೂರು–ಕೋಲಾರ–ಮುಳಬಾಗಿಲು ಹೆದ್ದಾರಿಯಲ್ಲಿ ಇದು ಸಣ್ಣ ವಿಷಯವಲ್ಲ. 2024ರ ಡಿಸೆಂಬರ್‌ನಿಂದ ಮಾಲೂರು ಕಡೆ ಎಕ್ಸ್‌ಪ್ರೆಸ್‌ವೇ ಮೇಲೂ ಗಾಡಿಗಳು ಓಡುತ್ತಿವೆ. ಅಲ್ಲಿ 120ರಲ್ಲಿ ಬರುವವನು ಸೆಕೆಂಡಿಗೆ 33 ಮೀಟರ್ ಬರುತ್ತಾನೆ. ಊಹೆ ಮಾಡಲು ಅವನಿಗೆ ಪುರುಸೊತ್ತು ಎಲ್ಲಿದೆ?

"ಸ್ವಾಮಿ, ರೋಗಿ ಸಾಯುತ್ತಿರುವಾಗ ಲೈಟಿನ ವೇಗ ಲೆಕ್ಕ ಹಾಕುತ್ತಾ ಕೂರಬೇಕಾ?" ಎಂದು ಕೇಳಬಹುದು. ರೋಗಿ ಸಾಯುತ್ತಿರುವುದಕ್ಕೇ ಕೇಳುತ್ತಿದ್ದೇನೆ. ನಮ್ಮ ಜಿಲ್ಲೆಯ ಹಣೆಬರಹ ಎಲ್ಲರಿಗೂ ಗೊತ್ತು. ಎದೆನೋವು ಅಂದರೆ ಜಯದೇವ, ತಲೆಗೆ ಪೆಟ್ಟು ಅಂದರೆ ನಿಮ್ಹಾನ್ಸ್. ಮುಳಬಾಗಿಲಿನಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಆ ನೂರು ಕಿಲೋಮೀಟರಿನಲ್ಲಿ ಹತ್ತು ಕಡೆ ಒಂದೊಂದು ನಿಮಿಷ ಹೋದರೆ ಹತ್ತು ನಿಮಿಷ. ಒಳಗೆ ಮಲಗಿರುವವರು ನಿಮ್ಮ ತಾಯಿ ಆಗಿದ್ದರೆ ಹತ್ತು ನಿಮಿಷ ಅಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ.

"ದುಡ್ಡೆಲ್ಲಿದೆ?" ಎನ್ನುವವರಿಗೂ ಉತ್ತರ ಇದೆ. ಹೊಸ ಗಾಡಿ ಕೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟು.

ಒಂದು, ನಕಲಿ ಮಿನುಗು ದೀಪ ಕೀಳಿಸಿ. ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟಿನ ಮೇಲೆ ಕೇಸು ಹಾಕಲು 2024ರ ಜುಲೈನಿಂದ ರಾಜ್ಯದ ಪೊಲೀಸರು ಹೊರಟಿದ್ದರು. ಅದೇ ಕೈಯಲ್ಲಿ ಕೆಂಪು-ನೀಲಿಯನ್ನೂ ಹಿಡಿಯಲಿ. ಟೊಮೆಟೊ ಪಿಕಪ್ಪಿನಿಂದ ಶುರು ಮಾಡುವುದು ಬೇಡ, ಪುಢಾರಿಯ ಕಾರಿನಿಂದ ಶುರುವಾಗಲಿ. ಆಗ ಪಿಕಪ್ಪಿನವನು ತಾನೇ ಕೀಳುತ್ತಾನೆ.

ಎರಡು, ಆಂಬುಲೆನ್ಸಿಗೆ ಎರಡು ಸ್ವಿಚ್ ಇರಲಿ: ಓಡುವುದಕ್ಕೆ ಒಂದು, ನಿಲ್ಲುವುದಕ್ಕೆ ಒಂದು. ರಾತ್ರಿ ಪ್ರಖರತೆ ತಗ್ಗಲಿ. 108 ಸೇವೆಗೆ ಮುಂದೆ ಟೆಂಡರ್ ಕರೆಯುವಾಗ ಇದನ್ನು ಷರತ್ತಿನಲ್ಲೇ ಬರೆಯಲಿ. ಖಾಸಗಿ ಆಂಬುಲೆನ್ಸಿಗೆ ಎಫ್‌ಸಿ ಕೊಡುವಾಗ ಇದನ್ನೂ ನೋಡಲಿ.

ಮೂರು, ಗಾಡಿಯ ಹಿಂದೆ, ಪಕ್ಕದಲ್ಲಿ ಒಳ್ಳೆಯ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಅದಕ್ಕೆ ಬ್ಯಾಟರಿ ಬೇಡ, ಕಣ್ಣು ಕುಕ್ಕುವುದಿಲ್ಲ, ಗಾಡಿಯ ಆಕಾರ ಪೂರ್ತಿ ತೋರಿಸುತ್ತದೆ.

ನಾಲ್ಕು, ನಮ್ಮ ಟ್ರ್ಯಾಕ್ಟರಿಗೆ ಕನ್ನಡಿ ಹಾಕಿಸೋಣ. ಆಂಬುಲೆನ್ಸಿನ ಮುಂದೆ ಉಲ್ಟಾ ಅಕ್ಷರ ಬರೆದಿರುವುದೇ ಕನ್ನಡಿಯಲ್ಲಿ ಓದಲು. ಕನ್ನಡಿ ಇಲ್ಲದವನಿಗೆ ಅದು ಎಷ್ಟು ಸುಂದರವಾಗಿ ಬರೆದರೂ ವ್ಯರ್ಥ. ಇದು ಸರ್ಕಾರದ ತಪ್ಪಲ್ಲ, ನಮ್ಮದು.

ಖಾಲಿ ಆಂಬುಲೆನ್ಸಿನಲ್ಲಿ ಊಟಕ್ಕೆ ಹೋಗಲು ಲೈಟು ಹಾಕುವ ಡ್ರೈವರಣ್ಣಂದಿರಿಗೂ ಒಂದು ಮಾತು. ನೀವು ಇವತ್ತು ಸುಳ್ಳೇ ಹಾಕಿದ ಲೈಟಿಗೆ ನಾಳೆ ನಿಮ್ಮ ಹಿಂದೆ ಬರುವ ಗಾಡಿಯ ರೋಗಿ ಬೆಲೆ ಕಟ್ಟುತ್ತಾರೆ.

ತೋಳ ಬಂತು ತೋಳ ಎಂದು ದಿನಾ ಕೂಗಿದ ಹುಡುಗನ ಕತೆ ಶಾಲೆಯಲ್ಲಿ ಓದಿದ್ದೇವೆ. ನಮ್ಮ ನಾಲ್ಕು ತಾಲ್ಲೂಕಿನ ರಸ್ತೆಗಳಲ್ಲಿ ರಾತ್ರಿಯೆಲ್ಲ ಸಾವಿರ ಗಾಡಿಗಳು ಹಾಗೆ ಕೂಗುತ್ತಿವೆ. ಇದನ್ನು ಓದುತ್ತಿರುವ ನಿಮ್ಮ ಗಾಡಿಯಲ್ಲೂ ಆ ಕೆಂಪು-ನೀಲಿ ಪಟ್ಟಿ ಇದ್ದರೆ, ಫೋನು ಕೆಳಗಿಟ್ಟು ಹೋಗಿ ವೈರ್ ಕಿತ್ತುಹಾಕಿ. ಐದು ನಿಮಿಷದ ಕೆಲಸ.