ಬೆಳ್ಳಿತೆರೆಯ ಹೆಣ್ಣು, ಗಲ್ಲಾಪೆಟ್ಟಿಗೆಯ ಲೆಕ್ಕ

ಹೊಡೆದಾಟದ ಚಿತ್ರಕ್ಕೆ ಗಂಡಸು ಬೇಕು, ಕಣ್ಣೀರಿನ ಚಿತ್ರಕ್ಕೆ ಹೆಂಗಸು ಸಾಕು ಎಂಬುದು ನಮ್ಮ ಚಿತ್ರೋದ್ಯಮಿಗಳ ಬಾಯಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ಖಂಡಿತವಾಗಿ ಅವರು ಇದನ್ನು ಹೇಳುತ್ತಾರೆ. ಏಕೆ ಹೀಗೆ ಎಂದು ಕೇಳಿದರೆ, ಜನ ಕೇಳುವುದೇ ಅದನ್ನು ಎನ್ನುತ್ತಾರೆ. ನಮ್ಮ ವಾಚಕರಲ್ಲಿ ಅಂಗಡಿ ಇಟ್ಟವರು ಅನೇಕರಿದ್ದಾರೆ. ಗಿರಾಕಿ ಕೇಳುವುದು ಕಣ್ಣಿಗೆ ಬಿದ್ದ ಮಾಲನ್ನೇ ಎಂಬ ಗುಟ್ಟು ಅವರಿಗೆ ಗೊತ್ತು. ತಾನು ತರಿಸದೆ ಇದ್ದ ಮಾಲನ್ನು ಯಾರೂ ಕೇಳುವುದಿಲ್ಲವೆಂದು ಹೇಳುವ ವ್ಯಾಪಾರಿಗೆ ಪೇಟೆಯಲ್ಲಿ ಏನನ್ನುತ್ತಾರೋ, ಈ ಮಹನೀಯರಿಗೂ ಅದನ್ನೇ ಅನ್ನಬೇಕು.

ಯಾವ ಬಗೆಯ ಚಿತ್ರದಲ್ಲಿ ಹೆಣ್ಣು ಏನು ಮಾಡಬಹುದು, ಏನು ಮಾಡಕೂಡದು ಎಂಬ ಕಟ್ಟಲೆ ಬ್ರಹ್ಮ ಬರೆದದ್ದಲ್ಲ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಅದು ಬದಲಾಗಿದೆ. ಬದಲಾದಾಗಲೆಲ್ಲ ಟಿಕೆಟು ಕೊಳ್ಳುವವರು ಯಾರು, ಹಣ ಹೂಡುವವರು ಯಾರು ಎಂಬ ಲೆಕ್ಕ ಅದರ ಹಿಂದೆ ಇದ್ದೇ ಇದೆ.

ಕನ್ನಡದ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನ’. ನಾಟಕ ಕಂಪನಿಗಳಲ್ಲಿ ಗಂಡಸರೇ ಸ್ತ್ರೀಪಾತ್ರ ಹಾಕುತ್ತಿದ್ದ ಕಾಲ ಇನ್ನೂ ಪೂರ್ತಿ ಕಳೆದಿರಲಿಲ್ಲ. ಅಂಥ ಕಾಲದಲ್ಲಿ ತ್ರಿಪುರಾಂಬ ಅವರು ಸುಲೋಚನೆಯಾಗಿ ನಿಂತರು. ಚಿತ್ರದ ಹೆಸರು ಹೆಣ್ಣಿನದು, ಕಥೆಯ ನಡುವೆ ನಿಂತವಳೂ ಹೆಣ್ಣು. ಆದರೆ ಅವಳ ದೊಡ್ಡಸ್ತಿಕೆ ಏನು? ಇಂದ್ರಜಿತುವಿನ ಹೆಂಡತಿಯಾಗಿರುವುದು. ಗಂಡನ ಕಥೆ ಮುಗಿದಲ್ಲಿ ಅವಳ ಕಥೆಯೂ ಮುಗಿಯಬೇಕು. ಪೌರಾಣಿಕ ಚಿತ್ರಗಳ ಕಟ್ಟಲೆ ಇದು: ಸತಿಗೆ ಸಿಂಹಾಸನವುಂಟು, ಇಷ್ಟವೆಂಬುದಿಲ್ಲ. ಇದೇ ದಿನಗಳಲ್ಲಿ ಎಂ. ವಿ. ರಾಜಮ್ಮನವರು ನಟಿಯಾಗಿದ್ದುದಲ್ಲದೆ 1943ರಲ್ಲಿ ‘ರಾಧಾರಮಣ’ ಚಿತ್ರವನ್ನು ತಾವೇ ನಿರ್ಮಿಸಿದರು. ತೆರೆಯ ಮೇಲಿನ ಸತಿಗಿಂತ ತೆರೆಯ ಹಿಂದಿನ ಈ ಹೆಂಗಸಿನ ಧೈರ್ಯ ದೊಡ್ಡದೆಂದು ನಮ್ಮ ಎಣಿಕೆ.

ಹಾಗಾದರೆ ಹೊಡೆದಾಟ ಅಂದಿಗೂ ಗಂಡಸಿನ ಸ್ವತ್ತೇ ಆಗಿತ್ತೇ? ಇಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಮುಂಬಯಿಗೆ ಹೋಗಬೇಕು. 1935ರಲ್ಲಿ ವಾಡಿಯಾ ಮೂವಿಟೋನಿನವರು ‘ಹಂಟರ್‌ವಾಲಿ’ ಎಂಬ ಸ್ಟಂಟ್ ಚಿತ್ರ ತೆಗೆದರು. ದುಷ್ಟ ಮಂತ್ರಿಯ ವಿರುದ್ಧ ಮುಖವಾಡ ಹಾಕಿ, ಚಾಟಿ ಹಿಡಿದು ಹೊರಡುವ ರಾಜಕುಮಾರಿಯ ಕಥೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಸರ್ಕಸ್ಸಿನಲ್ಲಿ ಕೆಲಸ ಮಾಡಿದ್ದ ನಾದಿಯಾ ಎಂಬ ನಟಿ ಆ ಪಾತ್ರ ವಹಿಸಿದಳು. ಕುದುರೆ ಸವಾರಿ, ಕತ್ತಿವರಸೆ, ಗಂಡಸರನ್ನು ಎತ್ತಿ ಒಗೆಯುವುದು, ಎಲ್ಲವನ್ನೂ ಆಕೆ ತಾನೇ ಮಾಡಿದಳು. ಮರುವರ್ಷ ಬಂದ ‘ಮಿಸ್ ಫ್ರಂಟಿಯರ್ ಮೇಲ್’ ಚಿತ್ರದಲ್ಲಿ ಓಡುವ ರೈಲಿನ ಮೇಲೆಯೇ ಹೊಡೆದಾಟ. 1940ರ ‘ಡೈಮಂಡ್ ಕ್ವೀನ್’ನಲ್ಲಿ ಹೆಣ್ಣಿನ ಸ್ವಾತಂತ್ರ್ಯದ ಮಾತೂ ಬಂತು. ಈ ಚಿತ್ರಗಳಿಗೆ ಮುಗಿಬಿದ್ದವರು ಯಾರು? ಮುಂದಿನ ಬೆಂಚಿನವರು, ಕೂಲಿಕಾರರು, ಗಿರಣಿಯ ಮಂದಿ. ಹೆಣ್ಣು ಹೊಡೆದರೆ ಜನ ಒಪ್ಪುವುದಿಲ್ಲ ಎಂಬ ಮಾತನ್ನು ನಮ್ಮ ಕಾರ್ಮಿಕ ಬಾಂಧವರ ಅಜ್ಜಂದಿರೇ ಹೀಗೆ ಸುಳ್ಳುಮಾಡಿದ್ದರು. ಒಪ್ಪದೆ ಇದ್ದವರು ಬಾಲ್ಕನಿಯ ಸಭ್ಯರು. ಸ್ಟಂಟ್ ಚಿತ್ರವೆಂದರೆ ಅವರಿಗೆ ಮೂರನೆಯ ದರ್ಜೆಯ ಸರಕು. ಮುಂದೆ ದೊಡ್ಡ ಬಂಡವಾಳ ಸಾಮಾಜಿಕ ಚಿತ್ರಗಳ ಕಡೆ ಹರಿಯಿತು, ಸ್ಟಂಟ್ ಚಿತ್ರ ಬಡವಾಯಿತು. ಅದೇ ಹೊಡೆದಾಟ ದೊಡ್ಡ ಹಣದೊಡನೆ ತಿರುಗಿ ಬಂದಾಗ ಚಾಟಿ ನಾಯಕನ ಕೈಗೆ ಹೋಗಿತ್ತು.

ನಮ್ಮಲ್ಲಿ 1961ರಲ್ಲಿ ಪಂತುಲು ಅವರು ‘ಕಿತ್ತೂರು ಚೆನ್ನಮ್ಮ’ ತೆಗೆದರು. ಬಿ. ಸರೋಜಾದೇವಿಯವರು ಕತ್ತಿ ಹಿಡಿದರು, ಜನ ಮೆಚ್ಚಿದರು. ರಾಣಿಯಾದರೆ, ದೇವಿಯಾದರೆ ಹೆಣ್ಣು ಆಯುಧ ಹಿಡಿಯಬಹುದು. ಐತಿಹಾಸಿಕ ಚಿತ್ರವೆಂಬ ಪರವಾನಗಿ ಅಲ್ಲಿ ಸಿಗುತ್ತದೆ. ಬಾಡಿಗೆ ಮನೆಯ ಹೆಂಗಸಿಗೆ ಆ ಪರವಾನಗಿ ಇಲ್ಲ. 1968ರ ‘ಜೇಡರ ಬಲೆ’ಯಿಂದ ಮುಂದೆ ಪತ್ತೇದಾರಿ ಚಿತ್ರಗಳು ಬಂದವು. ಅಲ್ಲಿ ಹೆಣ್ಣಿಗೆ ಹೊಸ ಫ್ಯಾಷನ್ನಿನ ಉಡುಪು ಸಿಕ್ಕಿತು, ಹೊಸ ಕೆಲಸವೇನೂ ಸಿಗಲಿಲ್ಲ.

ಹೆಣ್ಣಿನ ಪಾಲಿಗೆ ನಿಜವಾಗಿ ಬಾಗಿಲು ತೆರೆದದ್ದು ಕಾದಂಬರಿ. ಬಾಡಿಗೆ ಲೈಬ್ರರಿಯಿಂದ ಪುಸ್ತಕ ತಂದು, ಒಲೆ ಆರಿದ ಮೇಲೆ ಓದುವ ಹೆಂಗಸರ ಒಂದು ದೊಡ್ಡ ಸಮೂಹ ಆಗ ನಮ್ಮ ಊರುಗಳಲ್ಲಿತ್ತು. ಅವರಿಗಾಗಿ ಬರೆದವರೂ ಹೆಂಗಸರೇ. ತ್ರಿವೇಣಿಯವರು, ನಲವತ್ತು ದಾಟಿದ ಮೇಲೆ ಕಾದಂಬರಿಗೆ ಕೈಹಾಕಿದ ಎಂ. ಕೆ. ಇಂದಿರಾ ಅವರು, ಇನ್ನೂ ಹಲವರು. ಈ ಓದುಗರೇ ಮ್ಯಾಟಿನಿಗೆ ಬಂದು ಹೆಂಗಸರ ಬೆಂಚು ತುಂಬುತ್ತಿದ್ದರು. ಆಗ ಟೆಂಟಿನಲ್ಲೂ ಹೆಂಗಸರಿಗೆ ಬೇರೆ ಜಾಗ, ಬೇರೆ ಟಿಕೆಟಿನ ಕಿಟಕಿ ಇರುತ್ತಿತ್ತೆಂಬುದು ಹಿರಿಯ ವಾಚಕರಿಗೆ ನೆನಪಿರಬಹುದು. ಆ ಬೆಂಚು ತುಂಬಿದರೆ ಚಿತ್ರ ಗೆದ್ದಂತೆ. ಪುಟ್ಟಣ್ಣ ಕಣಗಾಲರು ಇದನ್ನು ಚೆನ್ನಾಗಿ ಅರಿತಿದ್ದರು. 1969ರಲ್ಲಿ ಇಂದಿರಾ ಅವರ ‘ಗೆಜ್ಜೆಪೂಜೆ’, 1971ರಲ್ಲಿ ತ್ರಿವೇಣಿಯವರ ‘ಶರಪಂಜರ’ ತೆರೆಗೆ ಬಂದವು. ಎರಡರಲ್ಲೂ ಕಲ್ಪನಾ. ತ್ರಿವೇಣಿಯವರು ಮಾತ್ರ ಅದನ್ನು ನೋಡಲು ಉಳಿದಿರಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು.

‘ಶರಪಂಜರ’ದ ಕಾವೇರಿಯನ್ನು ನಾವು ಮರೆಯಲಾರೆವು. ಅವಳಿಗೆ ಮನಸ್ಸಿನ ಕಾಯಿಲೆ ಬಂತು, ಆಸ್ಪತ್ರೆ ಸೇರಿದಳು, ವಾಸಿಯಾಗಿ ಮನೆಗೆ ಬಂದಳು. ಜ್ವರ ಬಿಟ್ಟವನನ್ನು ನಾವು ಹೇಗೆ ನೋಡುತ್ತೇವೋ ಹಾಗೆ ಅವಳನ್ನು ನೋಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡ ಇನ್ನೊಬ್ಬಳ ಕಡೆ ತಿರುಗಿದ್ದಾನೆ, ಅವನಿಗೆ ಯಾರೂ ಹುಚ್ಚ ಎನ್ನುವುದಿಲ್ಲ. ಕೊನೆಗೆ ಅವಳು ಆಸ್ಪತ್ರೆಗೇ ಮರಳಬೇಕಾಯಿತು. ಊರೂರಿನ ಹೆಂಗಸರು ಈ ಚಿತ್ರಕ್ಕೆ ಅತ್ತದ್ದು ಕಲ್ಪನಾ ಚೆನ್ನಾಗಿ ಅಭಿನಯಿಸಿದರೆಂಬ ಒಂದೇ ಕಾರಣಕ್ಕಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಗೆಜ್ಜೆಪೂಜೆಯ ಚಂದ್ರಾ ಸಾಯುತ್ತಾಳೆ. 1981ರ ‘ರಂಗನಾಯಕಿ’ ಸಾಯುತ್ತಾಳೆ. ಕಾವೇರಿ ಆಸ್ಪತ್ರೆ ಸೇರುತ್ತಾಳೆ. ಕಣ್ಣೀರಿನ ಚಿತ್ರದ ಕಟ್ಟಲೆ ಏನೆಂದರೆ, ಹೆಣ್ಣು ಪ್ರಶ್ನೆ ಕೇಳಬಹುದು, ಉತ್ತರ ಪಡೆಯಕೂಡದು. ಎರಡೂವರೆ ಗಂಟೆ ಅವಳ ಪಕ್ಷ ವಹಿಸಿದ ಚಿತ್ರ ಕೊನೆಯ ಹತ್ತು ನಿಮಿಷದಲ್ಲಿ ಅವಳನ್ನು ಬಲಿಕೊಟ್ಟು ಮನೆಯ ಯಜಮಾನರಿಗೆ ಸಮಾಧಾನ ಹೇಳುತ್ತದೆ. ಪುಟ್ಟಣ್ಣನವರ ಅಭಿಮಾನಿಗಳು ನಮ್ಮ ಮೇಲೆ ಸಿಟ್ಟಾಗಬಹುದು. ಆಗಲಿ. ನಾವೂ ಅವರ ಅಭಿಮಾನಿಗಳೇ.

ಅದೇ ಕಾಲದಲ್ಲಿ ಈ ಕಟ್ಟಲೆಯ ಹೊರಗೆ ನಿಂತದ್ದು 1970ರ ‘ಸಂಸ್ಕಾರ’. ಅನಂತಮೂರ್ತಿಯವರ ಕಥೆ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ನಾರಣಪ್ಪನ ಹೆಣ ಬಿದ್ದಿದೆ. ಯಾರು ಸುಡಬೇಕೆಂದು ಅಗ್ರಹಾರದ ಗಂಡಸರು ಶಾಸ್ತ್ರ ತಿರುವುತ್ತಾ ಕೂತಿದ್ದಾರೆ. ಅವನೊಡನೆ ಬಾಳಿದ ಕೆಳಜಾತಿಯ ಚಂದ್ರಿ ಒಬ್ಬ ಮುಸಲ್ಮಾನನ ನೆರವು ಪಡೆದು ರಾತ್ರೋರಾತ್ರಿ ಹೆಣ ಸುಡಿಸುತ್ತಾಳೆ. ಇಡೀ ಕಥೆಯಲ್ಲಿ ಆಗಬೇಕಾದ ಕೆಲಸ ಮಾಡಿದವಳು ಅವಳೊಬ್ಬಳೇ. ಅವಳು ಅತ್ತು ಸಾಯುವುದಿಲ್ಲ, ಎದ್ದು ಹೊರಟುಹೋಗುತ್ತಾಳೆ. ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರಿನ ಸೆರೆಮನೆಯಲ್ಲಿ ಇಟ್ಟರು. ಆಸ್ತಮಾದಿಂದ ನರಳುತ್ತಿದ್ದ ಆಕೆ ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ಮುಂದೆ ಹೆಂಗಸರ ಬೆಂಚು ಏಕೆ ಬರಿದಾಯಿತು? ಟೆಲಿವಿಷನ್ ಬಂತು. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದರೆ ಪೇಟೆಯಲ್ಲಿ ಕಾಗೆಯೂ ಹಾರುತ್ತಿರಲಿಲ್ಲ. 1994ರಲ್ಲಿ ಉದಯ ಟಿವಿ ಬಂತು, ಧಾರಾವಾಹಿಗಳು ಬಂದವು. ಅತ್ತೆ ಸೊಸೆಯರ ಕಣ್ಣೀರು ಮನೆಯಲ್ಲೇ ಪುಕ್ಕಟೆ ಸಿಗುವಾಗ ರಿಕ್ಷಾಕ್ಕೂ ಟಿಕೆಟಿಗೂ ದುಡ್ಡು ಕೊಟ್ಟು ಟಾಕೀಸಿಗೆ ಹೋಗುವ ಹೆಂಗಸರು ಕಡಿಮೆಯಾದರು. ಟಾಕೀಸಿನಲ್ಲಿ ಉಳಿದವರು ಹರೆಯದ ಹುಡುಗರು. ಹಣ ಹಾಕುವವನು ಅವರ ಮುಖ ನೋಡಿ ಚಿತ್ರ ತೆಗೆಯತೊಡಗಿದ. 1995ರ ‘ಓಂ’ ಚಿತ್ರದಲ್ಲಿ ಪುರೋಹಿತರ ಮಗ ರೌಡಿಯಾದ. ಉಪೇಂದ್ರ ಅವರ ಕೈಚಳಕದ ಬಗ್ಗೆ ನಮಗೆ ತಕರಾರಿಲ್ಲ. ಅದರ ಹಿಂದೆ ಬಂದ ಮಚ್ಚು ಲಾಂಗಿನ ದಿಬ್ಬಣದ ಬಗ್ಗೆ ತಕರಾರಿದೆ.

ಈ ಬಗೆಯ ಚಿತ್ರಗಳಲ್ಲಿ ಹೆಣ್ಣಿಗೆ ಎರಡೇ ಉದ್ಯೋಗ. ಒಂದು ತಾಯಿಯದು: ಮಗನಿಂದ ಮಾತು ತೆಗೆದುಕೊಂಡು ಸಾಯುವುದು. 2018ರಲ್ಲೂ 2022ರಲ್ಲೂ ದೇಶವನ್ನೇ ಗೆದ್ದ ‘ಕೆ.ಜಿ.ಎಫ್.’ ಚಿತ್ರಗಳ ಕಥೆ ನಿಂತದ್ದೂ ಸತ್ತ ತಾಯಿಯ ಮಾತಿನ ಮೇಲೆಯೇ. ಇನ್ನೊಂದು ಹುಡುಗಿಯದು: ನಾಯಕ ಬೆನ್ನುಹತ್ತಿದಾಗ ಮೊದಲು ಬೈಯುವುದು, ಆಮೇಲೆ ಹಾಡಿಗೆ ಬರುವುದು. ಒಲ್ಲೆ ಎಂದವಳನ್ನು ಬಸ್ ನಿಲ್ದಾಣದಲ್ಲಿ ಅಡ್ಡಗಟ್ಟುವುದೇ ಪ್ರೇಮ ಎಂದು ಈ ಚಿತ್ರಗಳು ಒಂದು ತಲೆಮಾರಿಗೆ ಪಾಠ ಹೇಳಿವೆ. ಮೇಷ್ಟ್ರಾಗಿದ್ದ ನಮಗೆ ಒಂದು ಗೊತ್ತು: ಪಾಠವನ್ನು ದಿನವೂ ಒಪ್ಪಿಸಿದರೆ ದಡ್ಡ ಹುಡುಗನಿಗೂ ಬಾಯಿಪಾಠವಾಗುತ್ತದೆ. ಸಂಜೆ ಕಾರ್ಖಾನೆಯ ಗೇಟಿನಿಂದ ಹೊರಬರುವ ಹೆಣ್ಣುಮಕ್ಕಳನ್ನು ಕೇಳಿದರೆ ಆ ಬಾಯಿಪಾಠ ಬೀದಿಯಲ್ಲಿ ಹೇಗೆ ಒಪ್ಪಿಸಲ್ಪಡುತ್ತದೆಂದು ಹೇಳುತ್ತಾರೆ. ಸಿನಿಮಾ ನೋಡಿ ಯಾರೂ ಕೆಡುವುದಿಲ್ಲ ಎನ್ನುವ ಮಿತ್ರರು, ಸಿನಿಮಾ ನೋಡಿ ತಲೆಗೂದಲು ಕತ್ತರಿಸಿಕೊಳ್ಳುವ ಹುಡುಗರನ್ನು ಕ್ಷೌರದ ಅಂಗಡಿಯಲ್ಲಿ ಕಂಡೇ ಇರುತ್ತಾರೆ.

ಹೆಣ್ಣಿನ ಹೆಸರಲ್ಲಿ ಹೊಡೆದಾಟದ ಚಿತ್ರ ಓಡುವುದಿಲ್ಲ ಎಂಬುದು ಕನ್ನಡದಲ್ಲೂ ಸುಳ್ಳೇ. ಮಾಲಾಶ್ರೀಯವರು 1989ರ ‘ನಂಜುಂಡಿ ಕಲ್ಯಾಣ’ದಿಂದ ಶುರುಮಾಡಿ 1991ರಲ್ಲಿ ‘ಎಸ್. ಪಿ. ಭಾರ್ಗವಿ’ಯಾಗಿ ಪೊಲೀಸ್ ಟೋಪಿ ಹಾಕುವ ಹೊತ್ತಿಗೆ, ಪೋಸ್ಟರಿನಲ್ಲಿ ಅವರ ಮುಖವಿದ್ದರೆ ಸಾಕು, ಟಾಕೀಸು ತುಂಬುತ್ತಿತ್ತು. ಗಲ್ಲಾಪೆಟ್ಟಿಗೆಯ ಮಾತನ್ನೇ ವೇದವೆನ್ನುವವರು ಈ ಒಂದು ಮಂತ್ರವನ್ನು ಮಾತ್ರ ಮರೆತರು. ಅಂಥ ಇನ್ನೊಬ್ಬ ನಟಿಯ ಮೇಲೆ ನಾಯಕನಟರಿಗೆ ಹಾಕುವಷ್ಟು ಹಣ ಹಾಕಿದವರನ್ನು ನಾವು ಕಂಡಿಲ್ಲ.

ಇತ್ತೀಚೆಗೆ ಬೇರೆ ಗಾಳಿಯೂ ಬೀಸಿದೆ. ಮಂಸೋರೆಯವರ ‘ನಾತಿಚರಾಮಿ’ 2018ರಲ್ಲಿ ವಿಧವೆಯ ದೇಹದ ಹಸಿವನ್ನು ಮುಚ್ಚುಮರೆಯಿಲ್ಲದೆ ಹೇಳಿತು. 2019ರಲ್ಲಿ ರೂಪಾ ರಾವ್ ಎಂಬ ಹೆಣ್ಣುಮಗಳು ‘ಗಂಟುಮೂಟೆ’ಯಲ್ಲಿ ಶಾಲೆಯ ಹುಡುಗಿಯ ಪ್ರೇಮವನ್ನು ಹುಡುಗಿಯ ಕಣ್ಣಿನಿಂದಲೇ ನೋಡಿದರು. ಇವಕ್ಕೆ ಎಷ್ಟು ಟಾಕೀಸು ಸಿಕ್ಕವು, ಜಿಲ್ಲೆಯ ಊರುಗಳಲ್ಲಿ ಎಷ್ಟು ದಿನ ನಿಂತವು ಎಂಬುದನ್ನು ಹಂಚಿಕೆದಾರರು ಹೇಳಲಿ.

ಆದರೆ ದುಡಿಯುವ ಹೆಣ್ಣು ಎಲ್ಲಿ? 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ಭವಿಷ್ಯನಿಧಿಯ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಕೂಡದೆಂಬ ಕೇಂದ್ರದ ನಿಯಮದ ವಿರುದ್ಧ ಅವರು ಎದ್ದಿದ್ದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಲಾಠಿ, ಅಶ್ರುವಾಯು, ಗೆಲುವು, ಚಿತ್ರಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು. ನಾಯಕನೊಬ್ಬ ಇರಲಿಲ್ಲ, ಅಷ್ಟೇ. ಈ ಕಥೆ ದೊಡ್ಡ ಚಿತ್ರವಾಗಿ ನಮ್ಮ ಟಾಕೀಸಿಗೆ ಬಂದದ್ದನ್ನು ನಾವು ನೋಡಿಲ್ಲ.

ತೆರೆಯ ಹಿಂದೆಯೂ ಹೆಣ್ಣು ಕೂಲಿಯವಳೇ. ಕೇರಳದಲ್ಲಿ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2019ರಲ್ಲಿ ಸರ್ಕಾರದ ಕೈಸೇರಿ 2024ರ ಆಗಸ್ಟ್‌ವರೆಗೆ ಕಪಾಟಿನಲ್ಲಿ ಕೂತಿತ್ತು. ಚಿತ್ರೀಕರಣದ ಜಾಗದಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ, ರಾತ್ರಿ ಬಾಗಿಲು ತಟ್ಟುವವರಿಗೆ ಲೆಕ್ಕವಿಲ್ಲ ಎಂದು ಅದರಲ್ಲಿತ್ತು. ಕರ್ನಾಟಕದಲ್ಲೂ ಅಂಥ ವಿಚಾರಣೆ ನಡೆಯಲೆಂದು ನಮ್ಮ ಕಲಾವಿದರು, ಲೇಖಕರು 2024ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಯಾವ ಜಾಗದಲ್ಲೇ ಆಗಲಿ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ. ಚಿತ್ರೀಕರಣದ ಜಾಗವೂ ದುಡಿಯುವ ಜಾಗವೇ. ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ನಮ್ಮ ತೆರಿಗೆಯ ಹಣದಿಂದ ಸಹಾಯಧನ ಕೊಡುತ್ತದೆ. ಸಮಿತಿ ಇಲ್ಲದ ಘಟಕಕ್ಕೆ ಒಂದು ಕಾಸೂ ಕೊಡಕೂಡದೆಂಬುದು ನಮ್ಮ ಒತ್ತಾಯ.

ಟಾಕೀಸಿನ ಮಾಲೀಕರಿಗೂ ಎರಡು ಮಾತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟಿಗೆ 200 ರೂಪಾಯಿಯ ಮಿತಿ ಹಾಕಿದಾಗ ದೊಡ್ಡ ಬಂಡವಾಳದವರು ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಗಂಡ ಹೆಂಡತಿ ಎರಡು ಮಕ್ಕಳು ಎಂದರೆ ನಾಲ್ಕು ಟಿಕೆಟು. ದರ ಏರಿದಾಗ ಮೊದಲು ಮನೆಯಲ್ಲಿ ಉಳಿಯುವವಳು ಹೆಂಡತಿ. ಹೆಂಗಸರು ಬರುವುದಿಲ್ಲ, ಆದ್ದರಿಂದ ಹೆಂಗಸರ ಚಿತ್ರ ಹಾಕುವುದಿಲ್ಲ ಎನ್ನುವವರು ತಮ್ಮ ಟಾಕೀಸಿನ ಹೆಂಗಸರ ಶೌಚಾಲಯಕ್ಕೆ ಒಮ್ಮೆ ಹೋಗಿ ಬರಲಿ. ಕಡಿಮೆ ಮಂದಿ ದುಡಿಯುವ ಜಾಗಗಳ ಹೆಂಗಸರ ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕೆಂದು ಅದೇ ಕಾನೂನು ಹೇಳಿದೆ. ಆ ಸಮಿತಿಯವರ ಹೆಸರನ್ನೂ ಫೋನ್ ನಂಬರನ್ನೂ ಟಿಕೆಟಿನ ಕಿಟಕಿಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಹಾಕಲಿ. ಆಟ ಮುಗಿದ ಮೇಲೆ ಆ ಟಾಕೀಸುಗಳ ಕಸ ಗುಡಿಸುವವರೂ ಹೆಂಗಸರೇ.